ಜೈಪುರದ ರಾಜ್ ಮಂದಿರ್ ಟಾಕೀಸ್: ಸಿನಿಮಾ ನೋಡದೆ ಒಳಗೆ ಬಿಡ್ತಾರಾ?

ಸುತ್ತಾಟದ_ಸೂಟ್‌ಕೇಸ್:
ಎಲ್ಲರಿಗೂ ನಮಸ್ಕಾರ. ಡಿಸೆಂಬರ್‌ನಲ್ಲಿ ಅಪ್ಪ ಅಮ್ಮನ ಜೊತೆ ಜೈಪುರಕ್ಕೆ ಹೋಗ್ತಿದ್ದೇವೆ, ಮೂರು ದಿನ. ಆಮೇರ್ ಕೋಟೆ, ಹವಾ ಮಹಲ್ ಎಲ್ಲ ಪಟ್ಟಿಯಲ್ಲಿದೆ. ಆದರೆ ಅಪ್ಪನದು ಒಂದೇ ಹಟ, ರಾಜ್ ಮಂದಿರ್ ತೋರಿಸು ಸಾಕು ಅಂತ. ಕಾಲೇಜಿಗೆ ಚಕ್ಕರ್ ಹೊಡೆದು ಮೆಜೆಸ್ಟಿಕ್ ಥಿಯೇಟರುಗಳಲ್ಲೇ ಬೆಳೆದ ಮನುಷ್ಯ, ಕಪಾಲಿ ಒಡೆದ ಮೇಲೆ ಆ ಕಡೆ ಹೋಗುವುದನ್ನೇ ಬಿಟ್ಟಿದ್ದಾರೆ. ಸುಮ್ನೆ ಒಳಗೆ ಹೋಗಿ ಕಟ್ಟಡ ನೋಡಿಕೊಂಡು ಬರಬಹುದಾ, ಇಲ್ಲ ಟಿಕೆಟ್ ತಗೊಳ್ಳಲೇಬೇಕಾ? ಅಮ್ಮನಿಗೆ ಹಿಂದಿ ಅಷ್ಟಕ್ಕಷ್ಟೆ, ಮಂಡಿನೋವು ಬೇರೆ. ಮೂರು ಗಂಟೆ ಕೂರಿಸುವುದು ನ್ಯಾಯವಾ?

ಬಾಲ್ಕನಿ_ಗಿರಾಕಿ:
ಟಿಕೆಟ್ ತಗೊಳ್ಳಿ, ಯೋಚನೆಯೇ ಬೇಡ. ಹೊರಗಿಂದ ನೋಡಿ ಬಂದರೆ ಅರ್ಧ ನೋಡಿದ ಹಾಗೆ. ಹೊರಗೆ ಗೋಡೆಯೆಲ್ಲ ಕೆನೆ ಮೊಗಚಿಟ್ಟ ಹಾಗೆ ಬಳುಕಿಕೊಂಡಿದೆ, ಮೇಲೆ ಒಂಬತ್ತು ನಕ್ಷತ್ರ. ನವರತ್ನದ ಲೆಕ್ಕ ಅದು, ರತ್ನದ ವ್ಯಾಪಾರದ ಊರಲ್ವಾ. ಸೀಟಿನ ಕ್ಲಾಸುಗಳಿಗೂ ಪರ್ಲ್, ರೂಬಿ, ಎಮರಾಲ್ಡ್, ಡೈಮಂಡ್ ಅಂತಲೇ ಹೆಸರು. 1966ರಲ್ಲಿ ಅಡಿಗಲ್ಲು ಹಾಕಿ, ಬಾಗಿಲು ತೆರೆದದ್ದು 1976ರ ಜೂನ್ 1ಕ್ಕೆ. ಡಬ್ಲ್ಯೂ.ಎಂ. ನಾಮ್‌ಜೋಶಿ ಅಂತ ಆರ್ಕಿಟೆಕ್ಟ್, ಮುಂಬೈಯ ಲಿಬರ್ಟಿ ಥಿಯೇಟರಿನ ಒಳಾಂಗಣವೂ ಅವರ ಕೈಯದ್ದೇ.

ನಿಜವಾದ ಸೊಗಸು ಲಾಬಿಯಲ್ಲಿದೆ. ಎತ್ತರದ ಚಾವಣಿ, ದೊಡ್ಡ ತೂಗುದೀಪ, ಬಳಸಿಕೊಂಡು ಮೇಲೆ ಹೋಗುವ ಮೆಟ್ಟಿಲು. ಬಲ್ಬು ಎಲ್ಲಿದೆ ಅಂತ ಗೊತ್ತೇ ಆಗುವುದಿಲ್ಲ, ಗೋಡೆಯೇ ಬೆಳಗುತ್ತಿರುವ ಹಾಗೆ ಕಾಣುತ್ತೆ. ನಾವು ಹೋದಾಗ ಒಬ್ಬ ಅಜ್ಜಿ ಚಪ್ಪಲಿ ಬಿಡಬೇಕೇನೋ ಅಂತ ಬಾಗಿಲಲ್ಲೇ ಅನುಮಾನಿಸುತ್ತಾ ನಿಂತಿದ್ದರು. ಹೆಸರಿನಲ್ಲೂ ಮಂದಿರ ಇದೆಯಲ್ಲ, ಅವರದೇನು ತಪ್ಪು! ಅಮ್ಮನಿಗೆ ಕೆಳಗಿನ ಸೀಟೇ ಮಾಡಿ, ಮೆಟ್ಟಿಲಿನ ಫೋಟೋ ನೀವು ತೆಗೆದುಕೊಂಡು ಬಂದು ತೋರಿಸಿ.

ಧಾರವಾಡ_ಮಂದಿ:
ನಾ ಮಾಡಿದ ತಪ್ಪು ನೀವು ಮಾಡಬ್ಯಾಡ್ರಿ. ಆಟಕ್ಕೆ ಐದು ನಿಮಿಷ ಇದ್ದಾಗ ಓಡಿಕೊಂಡು ಹೋದ್ವಿ. ಸೀದಾ ಕತ್ತಲಿಗೆ ಹೋಗಿ ಕೂತ್ವಿ. ಲಾಬಿ ಆಮೇಲೆ ನೋಡಿದರಾಯ್ತು ಅಂದುಕೊಂಡೆ, ಆದರೆ ಇಂಟರ್ವಲ್‌ನಲ್ಲಿ ಪಾಪ್‌ಕಾರ್ನ್ ಸಾಲಿನಲ್ಲೇ ನಿಂತು ಟೈಮ್ ಮುಗೀತು, ಸಿನಿಮಾ ಮುಗಿದ ಮೇಲೆ ಜನ ನನ್ನನ್ನು ದಬ್ಬಿಕೊಂಡು ಪಕ್ಕದ ಬಾಗಿಲಿನಿಂದ ಹೊರಗೆ ತಂದುಬಿಟ್ಟರು. ಸಾವಿರದ ಮುನ್ನೂರು ಸೀಟಿನ ಹಾಲ್‌ನ ಮಂದಿ, ಎದುರಿಗೆ ಈಜೋಕಾಗುತ್ತಾ? ಲಾಬಿ ನೋಡದೇ ಊರಿಗೆ ಬಂದೆ. ಮನೆಯವಳು ಈಗಲೂ ಅದನ್ನು ಎತ್ತಿ ಆಡ್ತಾಳೆ. ಅರ್ಧ ಗಂಟೆ ಮೊದಲೇ ಹೋಗ್ರಿ. ಸಂಜೆ ಆಟವೇ ಇರಲಿ, ಹೊರಗಿನ ದೀಪಾನೂ ಕಾಣುತ್ತೆ.

ಒಂದೇ_ಮಾತು:
ನನ್ನ ಅಭಿಪ್ರಾಯ ಬೇರೆ. ಕಟ್ಟಡ ಚೆನ್ನಾಗಿದೆ, ಒಪ್ಪಿದೆ. ಆದರೆ ಮೂರು ದಿನದ ಟ್ರಿಪ್ಪಿನಲ್ಲಿ ಒಂದು ಸಂಜೆ ಪೂರ್ತಿ ಅರ್ಥವಾಗದ ಸಿನಿಮಾಗೆ ಕೊಡೋದು ಜಾಸ್ತಿ ಆಯ್ತು. ನಾನು ಇಂಟರ್ವಲ್‌ಗೆ ಎದ್ದು ಬಂದೆ, ಯಾರೂ ಏನೂ ಅನ್ನಲಿಲ್ಲ.

ಬಾಲ್ಕನಿ_ಗಿರಾಕಿ:
@ಒಂದೇ_ಮಾತು ಅರ್ಧಕ್ಕೆ ಎದ್ದು ಬರೋದು ಅಮ್ಮನ ಮಂಡಿಗೆ ಒಳ್ಳೇ ಉಪಾಯವೇ. ಆದರೆ ಅಪ್ಪ ಎದ್ದು ಬರ್ತಾರೆ ಅಂತ ನನಗೆ ಅನ್ನಿಸಲ್ಲ. ಹೀರೋ ಎಂಟ್ರಿಗೆ ಅಲ್ಲಿ ಬೀಳುವ ಶಿಳ್ಳೆ ಕೇಳಿದರೆ ಅವರಿಗೆ ಮೆಜೆಸ್ಟಿಕ್ ನೆನಪಾಗದೇ ಇರುತ್ತಾ? ಅದಕ್ಕೆ ಹಿಂದಿ ಬೇಕಾಗಿಲ್ಲ.

ಮೈಸೂರ್_ಪಾಕ್_ಪಕ್ಷ:
ಯಾರೂ ಹೇಳಲಿಲ್ಲ, ಅದಕ್ಕೆ ನಾನು ಹೇಳ್ತೀನಿ. ಆ ಟಾಕೀಸ್ ಇರೋದು ಪಾಂಚ್ ಬತ್ತಿ ಹತ್ತಿರ, ಎಂ.ಐ. ರೋಡಿಗೆ ಅಂಟಿಕೊಂಡ ಹಾಗೆ. ಎಂ.ಐ. ಅಂದರೆ ಯಾರು ಗೊತ್ತಾ? ನಮ್ಮ ಸರ್ ಮಿರ್ಜಾ ಇಸ್ಮಾಯಿಲ್! 1926ರಿಂದ 1941ರವರೆಗೆ ಮೈಸೂರಿನ ದಿವಾನರಾಗಿದ್ದು, ಆಮೇಲೆ ಜೈಪುರದ ಪ್ರಧಾನಿಯಾಗಿ ಹೋದವರು. ಆಟೋದವನಿಗೆ ಇದನ್ನು ಹೇಳಿ ಬಾಡಿಗೆ ಕಮ್ಮಿ ಮಾಡಿಸಲು ನೋಡಿದೆ, ಒಂದು ರೂಪಾಯಿ ಇಳಿಸಲಿಲ್ಲ. ಅದೇ ರೋಡಿನಲ್ಲಿ ಮಣ್ಣಿನ ಲೋಟದಲ್ಲಿ ಲಸ್ಸಿ ಕೊಡುವ ಅಂಗಡಿಗಳು ಸಾಲಾಗಿವೆ, ಮೇಲೆ ಕೆನೆ ಹಾಕಿ ಕೊಡ್ತಾರೆ. ಮಧ್ಯಾಹ್ನಕ್ಕೇ ಖಾಲಿಯಾಗುತ್ತೆ, ಸಂಜೆ ಆಟಕ್ಕೆ ಹೋಗುವಾಗ ಸಿಗುತ್ತೆ ಅಂತ ನಂಬಿಕೊಂಡು ಹೋಗಬೇಡಿ.

ಸುತ್ತಾಟದ_ಸೂಟ್‌ಕೇಸ್:
ಎಲ್ಲರಿಗೂ ಥ್ಯಾಂಕ್ಸ್. ಎರಡನೇ ದಿನ ಬೆಳಿಗ್ಗೆ ಆಮೇರ್, ಆಮೇಲೆ ಲಸ್ಸಿ, ಅಮ್ಮನಿಗೆ ಸ್ವಲ್ಪ ನಿದ್ದೆ, ಸಂಜೆ ಆಟಕ್ಕೆ ಅರ್ಧ ಗಂಟೆ ಮೊದಲೇ ಹಾಜರ್. ಮಿರ್ಜಾ ಸಾಹೇಬರ ವಿಷಯ ಅಪ್ಪನಿಗೆ ಓದಿ ಹೇಳಿದೆ, ಅಕ್ಕಪಕ್ಕದ ಮನೆಯವರಿಗೆಲ್ಲ ಆಗಲೇ ಹೇಳಿ ಬಂದಾಯ್ತು. ಅಮ್ಮನದು ಒಂದೇ ಪ್ರಶ್ನೆ: ಥಿಯೇಟರ್ ಒಳಗೆ ಚಕ್ಕುಲಿ ಬಿಡ್ತಾರಾ? ಗೊತ್ತಿದ್ದವರು ಹೇಳಿ.