ಕಡಲೋ ಬೆಟ್ಟವೋ? ಬೆಳೆದ ಊರು, ಸ್ವಭಾವ ನೋಡಿ ಜಾಗ ಆರಿಸುವುದು ಹೇಗೆ?

ಕೊಥ್ರೂಡ್ ಕನ್ನಡಿಗ:
ನವೆಂಬರಿನಲ್ಲಿ ಪುಣೆಯಿಂದ ಎರಡು ರಾತ್ರಿಯ ಪ್ರವಾಸ, 12 ಜನ. ಕುಂದಾಪುರದ ಕಡೆಯವರು, ವಿಜಯಪುರದವರು, ಇಲ್ಲೇ ಹುಟ್ಟಿದ ಮಕ್ಕಳು. ಕೊಂಕಣದ ಕಡಲ ಕಡೆಯ ದಾಪೋಲಿಯೋ ಬೆಟ್ಟದ ಮೇಲಿನ ಮಾಥೇರಾನೋ ಎಂಬಲ್ಲೇ ಮಾತು ನಿಂತಿದೆ. ಬೆಳೆದ ಪರಿಸರ, ಸ್ವಭಾವ ಎರಡನ್ನೂ ಲೆಕ್ಕಕ್ಕೆ ಹಿಡಿದು ಆರಿಸಲು ಏನಾದರೂ ಕ್ರಮವಿದೆಯೇ?

ಘಟ್ಟದಾಚೆ:
ಎರಡನ್ನೂ ಬೇರೆ ಬೇರೆ ಇಟ್ಟು ನೋಡಿ. ಬೆಳೆದ ಊರು ಎರಡೂ ಕಡೆಗೆ ಎಳೆಯುತ್ತದೆ. ಕುಂದಾಪುರದವರಿಗೆ ಕಡಲು ಹೊಸದಲ್ಲ, ಆದರೆ ಕೊಂಕಣದ ಸೆಕೆ, ಮೀನೂಟ ಒಗ್ಗುತ್ತದೆ. ಬಯಲುಸೀಮೆಯವರಿಗೆ ಕಡಲು ಕಂಡರೆ ಹಿಗ್ಗು, ಅಲೆಯ ಅಂದಾಜು ಮಾತ್ರ ಇರುವುದಿಲ್ಲ; ನೀರಿಗಿಳಿಯುವಾಗ ಜೊತೆಗೊಬ್ಬರು ಬೇಕು. ಹಾಗಾಗಿ ‘ಈ ಸಲ ಪರಿಚಿತವಾದದ್ದು ಬೇಕೋ, ಹೊಸದು ಬೇಕೋ’ ಎಂದೇ ಕೇಳಬೇಕು. ಪ್ರವಾಸಿಗರ ಸ್ವಭಾವವನ್ನು ಅಧ್ಯಯನ ಮಾಡಿದ ಸ್ಟಾನ್ಲಿ ಪ್ಲಾಗ್ 1974ರಲ್ಲಿ ಪ್ರವಾಸಿಗರನ್ನು ವಿಂಗಡಿಸಿದ್ದೂ ಹೀಗೆಯೇ: ಒಂದು ತುದಿಗೆ ಗುರುತಿನ ಜಾಗ ಬಯಸುವವರು, ಇನ್ನೊಂದಕ್ಕೆ ಹೊಸತನ್ನು ಹುಡುಕುವವರು, ಬಹುಪಾಲು ಜನ ನಡುವೆ.

ಸ್ವಭಾವ ಹೇಳುವುದು ಎಷ್ಟು ಜನ, ಎಷ್ಟು ಗದ್ದಲ ಸಹ್ಯ ಎಂಬುದನ್ನು. ಮನಶ್ಶಾಸ್ತ್ರಜ್ಞ ಒಯಿಶಿ ಮತ್ತು ಸಂಗಡಿಗರ 2015ರ ಅಧ್ಯಯನದಲ್ಲಿ, ಜನರೊಡನೆ ಬೆರೆಯಬೇಕೆಂದಾಗ ಕಡಲನ್ನು ಆರಿಸಿದವರು ಶೇ. 75. ಒಬ್ಬರೇ ದಣಿವಾರಿಸಿಕೊಳ್ಳಲು ಬೆಟ್ಟ ಶೇ. 52, ಕಡಲು ಶೇ. 48, ಹೆಚ್ಚುಕಡಿಮೆ ಸಮ. ‘ಮಾತು ಕಡಿಮೆಯವರಿಗೆ ಬೆಟ್ಟ’ ಎಂದು ಮಹಾಬಳೇಶ್ವರದ ಮಾರ್ಕೆಟ್ ಪಕ್ಕ ರೂಮು ಹಿಡಿದರೆ ಕೆಡುವುದು ಅದಕ್ಕೇ. ಅವರಿಗೆ ಬೇಕಾದದ್ದು ಏಕಾಂತ.

ಮಲಪ್ರಭಾ:
ಗ್ರೂಪಿನಾಗ ಪೋಲ್ ಹಾಕಬ್ಯಾಡ್ರಿ ಸರ್. ಮೊದಲ ನಾಲ್ಕು ಮತ ಎಲ್ಲಿ ಬೀಳ್ತಾವೋ ಉಳಿದವರು ಅತ್ತ ವಾಲ್ತಾರ. ಮಾತು ಕಡಿಮೆ ಇದ್ದವರ ಮನಸ್ಸು ಗೊತ್ತಾಗೂದ ಇಲ್ಲ. ಒಬ್ಬೊಬ್ಬರಿಗೆ ಫೋನ್ ಮಾಡಿ ಕೇಳ್ರಿ: ಸಂಜಿ ಹೊತ್ತು ಎಲ್ಲಾರ ಜೋಡಿ ಕೂಡಬೇಕೋ, ಒಬ್ಬರ ಇರಬೇಕೋ? ದಿನಾ ಎಷ್ಟು ನಡೀತೀರಿ? ಯಾವುದು ಆಗೂದ ಇಲ್ಲ? ಮೂರನೇದರ ಉತ್ತರ ನೋಡಿ ಮೊದಲು ಜಾಗ ಹೊಡೆದು ಹಾಕ್ರಿ, ಇಷ್ಟದ ಮಾತು ಆಮ್ಯಾಲ.

ಮಾಥೇರಾನಿಗೆ ನಿಮ್ಮ ಗಾಡಿ ದಸ್ತೂರಿ ನಾಕಾದ ತನಕ ಅಷ್ಟ. ಮುಂದ ಅಮನ್ ಲಾಡ್ಜ್ ಸ್ಟೇಶನ್ನಿನಿಂದ ಶಟಲ್ ರೈಲು, ಇಲ್ಲಾ ಕುದುರಿ, ಇಲ್ಲಾ ಕೆಂಪು ಧೂಳಿನಾಗ ನಡಿಗಿ. ಮೊಣಕಾಲು ನೋವಿದ್ದವರಿಗೆ ಇದನ್ನ ಮೊದಲ ಹೇಳ್ರಿ.

ಕೊಥ್ರೂಡ್ ಕನ್ನಡಿಗ:
ಇಬ್ಬರಿಗೆ ಮೊಣಕಾಲು ನೋವಿದೆ. ಹಾಗಾದರೆ ದಾಪೋಲಿಯೇ. ಏಕಾಂತ ಬೇಕಾದವರಿಗೆ?

ಘಟ್ಟದಾಚೆ:
ದಾಪೋಲಿ ಪೇಟೆ ಇರುವುದು ಗುಡ್ಡದ ಮೇಲೆ. ಕಡಲು ಕೆಳಗೆ ಕರ್ಡೆ, ಮುರುಡ್ ಕಡೆ. ಕರ್ಡೆಯಲ್ಲಿ ಉಳಿಯಿರಿ, ಆದರೆ ಎಲ್ಲರಿಗೂ ಒಂದೇ ದೊಡ್ಡ ಹಾಲ್ ಬೇಡ. ಮೂರು ನಾಲ್ಕು ರೂಮಿನ ಮನೆ ಹಿಡಿದು, ಒಂದನ್ನು ಗದ್ದಲದಿಂದ ದೂರ, ಹಿತ್ತಲ ಕಡೆಗೆ ಕೇಳಿ. ಊಟ ಒಟ್ಟಿಗೆ, ಎರಡನೇ ದಿನದ ಬೆಳಗು ಅವರವರ ಇಷ್ಟಕ್ಕೆ. ದಾರಿಯಲ್ಲಿ ಸಿಗುವ ತಾಮ್ಹಿಣಿ ಘಾಟಿನ ತಿರುವುಗಳಿಗೆ ಮಕ್ಕಳು ವಾಂತಿ ಮಾಡುವುದುಂಟು. ಹೊರಡುವ ಮುಂಚೆ ಹೊಟ್ಟೆ ತುಂಬ ತಿನ್ನಿಸಬೇಡಿ.