14ನೆಯ ದಿನವೂ ಕಿಟ್‌ನ ಗೆರೆ ಗಾಢವಾಗುತ್ತಿಲ್ಲ: ಅಂಡ ಬಿಡುಗಡೆಯ ದಿನವನ್ನು ತಿಳಿಯುವುದು ಹೇಗೆ?

ಪ್ರಶ್ನೆ

ನನಗೆ 32 ವರ್ಷ. ಮಗುವಿಗಾಗಿ ಎಂಟು ತಿಂಗಳಿಂದ ಪ್ರಯತ್ನಿಸುತ್ತಿದ್ದೇವೆ. ನಾನು ಹಾಸನದಲ್ಲಿ ಅತ್ತೆಯವರೊಂದಿಗಿದ್ದೇನೆ; ಯಜಮಾನರು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದು, ಶನಿವಾರ ರಾತ್ರಿ ಬಂದು ಸೋಮವಾರ ಬೆಳಗಿನ ಜಾವ ಹೊರಡುತ್ತಾರೆ. ನನ್ನ ಕಳೆದ ಐದು ಋತುಚಕ್ರಗಳು 33, 31, 36, 34 ಮತ್ತು 32 ದಿನಗಳದ್ದಾಗಿದ್ದವು. ಮೊಬೈಲ್ ಆ್ಯಪ್ 14ನೆಯ ದಿನವನ್ನೇ ತೋರಿಸುವುದರಿಂದ, ಮೆಡಿಕಲ್ ಅಂಗಡಿಯಿಂದ ತಂದ, ಅಂಡ ಬಿಡುಗಡೆಯನ್ನು ಸೂಚಿಸುವ ಕಿಟ್‌ನಲ್ಲಿ 12, 13 ಮತ್ತು 14ನೆಯ ದಿನ ಬೆಳಗ್ಗೆ ಎದ್ದ ಕೂಡಲೇ ಮೂತ್ರ ಪರೀಕ್ಷಿಸುತ್ತೇನೆ. ಪ್ರತಿ ಸಲವೂ ಎರಡನೆಯ ಗೆರೆ ಮಸುಕಾಗಿಯೇ ಮೂಡುತ್ತದೆ. ಅಂಡವೇ ಬಿಡುಗಡೆಯಾಗುತ್ತಿಲ್ಲವೇ ಅಥವಾ ಕಿಟ್ ಸರಿಯಿಲ್ಲವೇ?

ಉತ್ತರ

ನಾನು ವೈದ್ಯೆಯಲ್ಲ; ಇದೇ ಗೊಂದಲದಲ್ಲಿ ಒಂದು ವರ್ಷ ಕಳೆದವಳು. ನಿಮ್ಮ ಅಂಕಿಗಳನ್ನು ನೋಡಿದರೆ ಕಿಟ್‌ಗಿಂತ ಹೆಚ್ಚಾಗಿ ಪರೀಕ್ಷಿಸುವ ದಿನವೇ ತಪ್ಪಿರುವಂತಿದೆ. ಮುಟ್ಟಾದ ದಿನದಿಂದ ಮುಂದಕ್ಕೆ 14 ಎಣಿಸುವುದು ಸುಮಾರು 28 ದಿನಗಳ ಚಕ್ರಕ್ಕಷ್ಟೇ ಹೊಂದುವ ಲೆಕ್ಕ. ಜಪಾನಿನ ವೈದ್ಯ ಕ್ಯುಸಾಕು ಒಗಿನೊ 1920ರ ದಶಕದಲ್ಲಿಯೇ ಕಂಡುಕೊಂಡಂತೆ, ಎಣಿಕೆ ಮುಂದಿನ ಮುಟ್ಟಿನಿಂದ ಹಿಂದಕ್ಕೆ ನಡೆಯಬೇಕು. ಅಂಡ ಬಿಡುಗಡೆಯಾಗುವುದು ಸಾಮಾನ್ಯವಾಗಿ ಅದಕ್ಕೆ 12ರಿಂದ 16 ದಿನ ಮೊದಲು. ಚಕ್ರ ಉದ್ದವಾದಾಗ ಹೆಚ್ಚಾಗಿ ಹಿಗ್ಗುವುದು ಅಂಡ ಪಕ್ವವಾಗುವ ಮೊದಲ ಭಾಗವೇ ಹೊರತು ಅನಂತರದ ಭಾಗವಲ್ಲ. ನಿಮ್ಮ 31 ಮತ್ತು 36ರಲ್ಲಿ 14 ಕಳೆದರೆ 17ರಿಂದ 22ನೆಯ ದಿನ ಬರುತ್ತದೆ. ನೀವು ಪರೀಕ್ಷೆ ನಿಲ್ಲಿಸುತ್ತಿರುವುದು ಅದಕ್ಕೂ ಮೂರು ದಿನ ಮೊದಲೇ.

ಆದ್ದರಿಂದ ಅತಿ ಚಿಕ್ಕ ಚಕ್ರದಿಂದ 17 ಕಳೆದು, ಅಂದರೆ 14ನೆಯ ದಿನದಿಂದ ಆರಂಭಿಸಿ, ಗೆರೆ ಗಾಢವಾಗುವವರೆಗೆ ದಿನವೂ ಒಂದೇ ಹೊತ್ತಿನಲ್ಲಿ ನೋಡಿ. ಕಿಟ್ ಪತ್ತೆ ಹಚ್ಚುವ ಎಲ್‌ಎಚ್ ಹಾರ್ಮೋನ್ ಹೆಚ್ಚಾಗಿ ಬೆಳಗಿನ ಜಾವ ರಕ್ತದಲ್ಲಿ ಏರಿ, ಮೂತ್ರದಲ್ಲಿ ಕಾಣಿಸಿಕೊಳ್ಳಲು ಕೆಲವು ಗಂಟೆ ತೆಗೆದುಕೊಳ್ಳುವುದರಿಂದ ಮಧ್ಯಾಹ್ನದ ಪರೀಕ್ಷೆ ಅನುಕೂಲ. ಅದಕ್ಕೂ ಎರಡು ಗಂಟೆ ಮೊದಲು ಹೆಚ್ಚು ನೀರು ಕುಡಿಯಬೇಡಿ. ಗರ್ಭಧಾರಣೆಯ ಕಿಟ್‌ನಲ್ಲಿ ಮಸುಕು ಗೆರೆಯೂ ಗೆರೆಯೇ, ಇಲ್ಲಿ ಹಾಗಲ್ಲ: ಎರಡನೆಯ ಗೆರೆ ಪಕ್ಕದ ಗೆರೆಯಷ್ಟೇ ಅಥವಾ ಅದಕ್ಕಿಂತ ಗಾಢವಾಗಿದ್ದರೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಹಾಗೆ ಗಾಢವಾದ ಮೇಲೆ ಸುಮಾರು 24ರಿಂದ 36 ಗಂಟೆಗಳಲ್ಲಿ ಅಂಡ ಹೊರಬರುತ್ತದೆ.

ಆದರೆ ಗಾಢ ಗೆರೆಗಾಗಿ ಕಾದು ಕೂರಬೇಡಿ. ಅಂಡ ಬದುಕುವುದು 12ರಿಂದ 24 ಗಂಟೆ. ವೀರ್ಯಾಣುಗಳಾದರೋ ಗರ್ಭಕಂಠದಲ್ಲಿ ಅನುಕೂಲಕರ ಲೋಳೆಯಿದ್ದರೆ ಐದು ದಿನಗಳವರೆಗೂ ಬದುಕಬಲ್ಲವು. ಹಾಗಾಗಿ ಫಲವತ್ತಾದ ಅವಧಿ ಅಂಡ ಬಿಡುಗಡೆಯ ದಿನ ಮತ್ತು ಅದರ ಹಿಂದಿನ ಐದು ದಿನ. ಅದರಲ್ಲೂ ಕೊನೆಯ ಎರಡು ಮೂರು ದಿನಗಳು ಮುಖ್ಯ. ಬಿಳಿ ಸ್ರಾವ ಹಸಿ ಮೊಟ್ಟೆಯ ಲೋಳೆಯಂತೆ ತಿಳಿಯಾಗಿ, ಎರಡು ಬೆರಳುಗಳ ನಡುವೆ ಎಳೆದರೆ ತುಂಡಾಗದೆ ನೂಲಿನಂತೆ ಹಿಗ್ಗಿದರೆ ಆ ದಿನಗಳು ಬಂದವೆಂದು ತಿಳಿಯಬಹುದು. ನನ್ನ ಅನುಭವದಲ್ಲಿ ಯಾವ ಆ್ಯಪ್‌ಗಿಂತಲೂ ನಂಬಿಕೆಗೆ ಅರ್ಹವಾದ ಗುರುತು ಅದು.

ಮತ್ತೊಬ್ಬರ ಉತ್ತರ

ಮೇಲಿನ ಮಾತಿಗೆ ಒಂದು ಸೇರ್ಪಡೆ. ಪಿಸಿಓಎಸ್ (ಹಾರ್ಮೋನ್ ಏರುಪೇರಿನಿಂದ ಅಂಡ ಬಿಡುಗಡೆ ಕ್ರಮ ತಪ್ಪುವ ಸಮಸ್ಯೆ) ಇರುವವರಲ್ಲಿ ಎಲ್‌ಎಚ್ ಸದಾ ಹೆಚ್ಚಿರಬಹುದಾದ ಕಾರಣ ಅಂಡ ಬಿಡುಗಡೆಯಾಗದಿದ್ದರೂ ಗೆರೆ ಗಾಢವಾಗಬಹುದು. ಗಾಢ ಗೆರೆ ಸೂಚನೆಯೇ ಹೊರತು ಸಾಕ್ಷಿಯಲ್ಲ. ಖಚಿತಪಡಿಸಿಕೊಳ್ಳಲು ಅಂಡ ಬೆಳೆಯುವುದನ್ನು ನೋಡುವ ಫಾಲಿಕ್ಯುಲರ್ ಸ್ಕ್ಯಾನ್ ಇದೆ, ಅಂಡ ಬಿಡುಗಡೆಯಾದ ಬಳಿಕ ಏರುವ ಪ್ರೊಜೆಸ್ಟರಾನ್ ಹಾರ್ಮೋನ್‌ನ ರಕ್ತ ಪರೀಕ್ಷೆಯೂ ಇದೆ. ಆದರೆ ಲ್ಯಾಬ್‌ನವರು 21ನೆಯ ದಿನ ಬನ್ನಿ ಎಂದರೆ ಒಪ್ಪಬೇಡಿ. ನಿಮ್ಮ ಚಕ್ರಕ್ಕೆ ಅದು ತೀರ ಬೇಗ. ಮುಟ್ಟಿನ ನಿರೀಕ್ಷಿತ ದಿನಕ್ಕೆ ಏಳು ದಿನ ಮೊದಲು ರಕ್ತ ಕೊಡಬೇಕು.

ಪ್ರಶ್ನೆ ಕೇಳಿದವರು

ನೀವು ಹೇಳಿದಂತೆ ಮಾಡಿದೆ. 19ನೆಯ ದಿನ, ಶುಕ್ರವಾರ ಮಧ್ಯಾಹ್ನ ಎರಡು ಗಂಟೆಗೆ, ಗೆರೆ ಮೊದಲ ಬಾರಿಗೆ ಪಕ್ಕದ ಗೆರೆಯನ್ನು ಮೀರಿಸಿತು! ಯಜಮಾನರು ಮರುದಿನ ಬಂದರು. ಆದರೆ ಅಂಡ ಬಿಡುಗಡೆಯಾದರೆ ದೇಹದ ಉಷ್ಣತೆ ಏರುತ್ತದೆಂದು ಕೇಳಿದ್ದೆ, ಶನಿವಾರ ಬೆಳಗ್ಗೆ ನೋಡಿದಾಗ ಏರಿರಲಿಲ್ಲ. ಕೊನೆಗೆ 33 ದಿನಗಳಿಗೆ ಚಕ್ರ ಮುಗಿದು, ಈ ಶನಿವಾರ ಮುಟ್ಟಾಯಿತು.

ಉತ್ತರ

ಬೇಸರವಾಗಿರುತ್ತದೆ, ಗೊತ್ತು. ಆದರೂ ಲೆಕ್ಕ ನೋಡಿ: 20ನೆಯ ದಿನ ಅಂಡ ಬಿಡುಗಡೆಯಾಗಿದ್ದರೆ ಅನಂತರ 13 ದಿನ ಉಳಿದಿವೆ, ನಿಮ್ಮ ಚಕ್ರ ನಿಯಮದಂತೆಯೇ ನಡೆದಿದೆ. ಉಷ್ಣತೆ ಏರುವುದು ಅಂಡ ಬಿಡುಗಡೆಯಾದ ಬಳಿಕ, ಪ್ರೊಜೆಸ್ಟರಾನ್‌ನಿಂದ, ಅದೂ 0.2ರಿಂದ 0.5 ಡಿಗ್ರಿ ಸೆಲ್ಸಿಯಸ್‌ನಷ್ಟು ಮಾತ್ರ. ಹಾಸಿಗೆ ಬಿಟ್ಟೇಳುವ ಮೊದಲೇ ಅಳೆದು, ಏರಿಕೆ ಮೂರು ದಿನ ನಿಂತರಷ್ಟೇ ನಂಬಬೇಕು. ಇದರಿಂದ ಕಳೆದದ್ದು ತಿಳಿಯುತ್ತದೆ, ಬರಲಿರುವುದಲ್ಲ.

ಈ ಸಲ ಮುಟ್ಟು ಶನಿವಾರ ಆಗಿರುವುದರಿಂದ 19 ಮತ್ತು 20ನೆಯ ದಿನಗಳು ಬುಧವಾರ, ಗುರುವಾರಕ್ಕೆ ಬೀಳುತ್ತವೆ. ಹಿಂದಿನ ಭಾನುವಾರ ತುಸು ಬೇಗ, ಮುಂದಿನ ಶನಿವಾರ ಬಹುತೇಕ ತಡ. ಅಷ್ಟರಲ್ಲಿ ಯಜಮಾನರ ವೀರ್ಯ ಪರೀಕ್ಷೆಯನ್ನೂ ಮಾಡಿಸಿ. ಸುಲಭದ ಪರೀಕ್ಷೆ, ಆದರೂ ನಮ್ಮಲ್ಲಿ ಅದನ್ನೇ ಕೊನೆಗೆ ಮಾಡಿಸುತ್ತಾರೆ. 35 ದಾಟದವರು ಒಂದು ವರ್ಷ ಪ್ರಯತ್ನಿಸಿ ವೈದ್ಯರನ್ನು ಕಾಣುವುದು ರೂಢಿ, ದಾಟಿದವರಿಗೆ ಆರು ತಿಂಗಳು. ಫೋಲಿಕ್ ಆಮ್ಲದ ಮಾತ್ರೆಯನ್ನು ಮಾತ್ರ ಈಗಲೇ ವೈದ್ಯರನ್ನು ಕೇಳಿ ಆರಂಭಿಸಿ.

ಪ್ರಶ್ನೆ ಕೇಳಿದವರು

ಮಂಗಳವಾರದಿಂದ ಗುರುವಾರದವರೆಗೆ ಯಜಮಾನರು ರಜೆ ಹಾಕಿದ್ದಾರೆ. ಕಚೇರಿಯಲ್ಲಿ ಮನೆಯಲ್ಲಿ ಪೂಜೆ ಎಂದಿದ್ದಾರಂತೆ. ಅತ್ತೆಯವರಿಗೆ ಏನು ಹೇಳುವುದೆಂದು ಇಬ್ಬರೂ ಇನ್ನೂ ಯೋಚಿಸುತ್ತಿದ್ದೇವೆ.