ಹೊಸ ಕಾರಿನ ಬಾನೆಟ್ ತೆಗೆದರೆ ನಾವು ಕೈ ಹಾಕೋಕೆ ಏನಾದರೂ ಉಳಿದಿದೆಯಾ?

ಪಾಯಿಂಟ್‌ಸೆಟ್:

ಇಪ್ಪತ್ತು ವರ್ಷ ಒಂದೇ ಕಾರ್ಬ್ಯುರೇಟರ್ ಕಾರು ಇಟ್ಟುಕೊಂಡಿದ್ದವನು ನಾನು. ಆಯಿಲ್, ಪ್ಲಗ್, ಫ್ಯಾನ್ ಬೆಲ್ಟ್, ಬ್ರೇಕ್ ಶೂ ಎಲ್ಲ ಮನೆ ಮುಂದೆಯೇ ಆಗುತ್ತಿತ್ತು. ಸಣ್ಣ ಸಂದು ಅಳೆಯುವ ಫೀಲರ್ ಗೇಜ್ ಸಿಗದಿದ್ದಾಗ ಶೇವಿಂಗ್ ಬ್ಲೇಡ್ ಜೋಡಿಸಿಟ್ಟು ಪಾಯಿಂಟ್ ಗ್ಯಾಪ್ ಅಂದಾಜು ಮಾಡಿದ್ದೂ ಉಂಟು. ಮೂರು ತಿಂಗಳ ಹಿಂದೆ ಅದನ್ನು ಕೊಟ್ಟು, ನಾಲ್ಕು ವರ್ಷ ಓಡಿದ್ದ ಒಂದು ಪೆಟ್ರೋಲ್ ಕಾರು ತಗೊಂಡೆ. ಟರ್ಬೊ ಇದೆ, ಕೀ ತಿರುಗಿಸುವ ಬದಲು ಬಟನ್ ಇದೆ, ಸಿಗ್ನಲ್‌ನಲ್ಲಿ ನಿಂತರೆ ಇಂಜಿನ್ ತಾನೇ ಆಫ್ ಆಗುತ್ತದೆ, ಹ್ಯಾಂಡ್ ಬ್ರೇಕ್ ಲಿವರ್ ಇದ್ದ ಜಾಗದಲ್ಲಿ ಉಗುರಿನಷ್ಟು ಸ್ವಿಚ್.

ಮೊದಲನೇ ಭಾನುವಾರವೇ ಬಾನೆಟ್ ಎತ್ತಿದೆ. ಒಂದು ಅಗಲವಾದ ಕಪ್ಪು ಪ್ಲಾಸ್ಟಿಕ್ ಮುಚ್ಚಳ. ಅದರ ಸುತ್ತ ಆಯಿಲ್ ಕ್ಯಾಪ್, ಕೂಲೆಂಟ್ ಬಾಟಲಿ, ವೈಪರ್ ನೀರು ಹಾಕುವ ಬಾಯಿ. ಐದು ನಿಮಿಷ ಸುಮ್ನೆ ನೋಡಿಕೊಂಡು ನಿಂತಿದ್ದು ಬಾನೆಟ್ ಮುಚ್ಚಿದೆ.

ಕಳೆದ ವಾರ ಬ್ಯಾಟರಿ ಹೋಯಿತು. ಇಷ್ಟಾದರೂ ನಾನು ಮಾಡಬಲ್ಲೆ ಅಂತ ಅದೇ ಅಳತೆಯದ್ದು ತಂದು ಕೂರಿಸಿದೆ. ಎರಡು ನಟ್ಟು, ಒಂದು ಕ್ಲ್ಯಾಂಪ್, ಹತ್ತು ನಿಮಿಷದ ಕೆಲಸ. ಗಾಡಿ ಸ್ಟಾರ್ಟ್ ಆಯಿತು. ಆದರೆ ಅವತ್ತಿನಿಂದ ಡ್ರೈವರ್ ಕಡೆ ಕಿಟಕಿ ಒಂದೇ ಒತ್ತಿಗೆ ಮೇಲೆ ಬರುವುದಿಲ್ಲ, ಸ್ವಿಚ್ ಹಿಡಿದುಕೊಂಡೇ ಇರಬೇಕು. ಸಿಗ್ನಲ್‌ನಲ್ಲಿ ಇಂಜಿನ್ ಆಫ್ ಆಗುವುದು ನಿಂತಿದೆ. ಮೊದಲ ದಿನ ಸ್ಟೇರಿಂಗ್ ಚಿಹ್ನೆಯ ಒಂದು ಲೈಟ್ ಬೇರೆ ಉರಿದು ತಾನಾಗಿ ಆರಿತು. ಸರ್ವೀಸ್ ಸೆಂಟರ್‌ಗೆ ಫೋನ್ ಮಾಡಿದರೆ, ನೀವು ಕೈ ಹಾಕಲೇಬಾರದಿತ್ತು ಸರ್, ಅದನ್ನೆಲ್ಲ ಕಂಪ್ಯೂಟರ್‌ಗೆ ಹೇಳಬೇಕು ಅಂದರು. ಬ್ಯಾಟರಿ ಬಂದಿದೆ ಅಂತ ಕಾರಿಗೆ ನಾನು ಹೇಳಬೇಕಂತೆ!

ಈಗಿನ ಕಾರುಗಳಲ್ಲಿ ನಮ್ಮಂಥವರು ಮಾಡುವಂಥದ್ದು ಏನಾದರೂ ಇದೆಯಾ, ಇಲ್ಲ ಸ್ಪ್ಯಾನರ್ ಸೆಟ್ಟನ್ನು ಯಾರಿಗಾದರೂ ಕೊಟ್ಟುಬಿಡಲಾ?

ಗ್ರೀಸ್ ಕೈ:

ಕಿಟಕಿಗೆ ಕಂಪ್ಯೂಟರ್ ಬೇಡ. ಗಾಜನ್ನು ಪೂರ್ತಿ ಮೇಲಕ್ಕೆ ತಂದು, ಸ್ವಿಚ್ ಬಿಡದೆ ಇನ್ನೊಂದು ಐದಾರು ಸೆಕೆಂಡ್ ಎಳೆದು ಹಿಡಿಯಿರಿ. ಬ್ಯಾಟರಿ ತೆಗೆದಾಗ ಗಾಜು ಎಲ್ಲಿ ಮುಗಿಯುತ್ತದೆ ಅನ್ನುವುದನ್ನು ಅದು ಮರೆತಿರುತ್ತದೆ, ಅಷ್ಟೇ. ಕೆಲವು ಕಾರಿನಲ್ಲಿ ಪೂರ್ತಿ ಕೆಳಗೆ ಇಳಿಸಿಯೂ ಹಾಗೇ ಹಿಡಿಯಬೇಕು. ಸ್ಟೇರಿಂಗ್ ಲೈಟ್ ಕೂಡ ಅದೇ ಜಾತಿ, ಸೊನ್ನೆ ಎಲ್ಲಿದೆ ಅಂತ ಹುಡುಕಿಕೊಂಡು ಆರಿದೆ. ಎರಡೂ ಕಾರಿನ ಜೊತೆ ಬಂದ ಪುಸ್ತಕದಲ್ಲೇ ಇರುತ್ತವೆ. ಯಾರೂ ಓದದ ಪುಸ್ತಕ.

ಸ್ಟಾರ್ಟ್ ಸ್ಟಾಪ್ ಬೇರೆ ಕಥೆ. ಹಳೇ ಬ್ಯಾಟರಿ ಇನ್ನೂ ಇದ್ದರೆ ಅದರ ಮೇಲೆ ಇಎಫ್‌ಬಿ ಅಥವಾ ಎಜಿಎಂ ಅಂತ ಬರೆದಿದೆಯಾ ನೋಡಿ. ಸಿಗ್ನಲ್‌ಗೊಂದು ಸಲ ಸ್ಟಾರ್ಟ್ ಆಗುವ ಕಾರಿಗೆ ಮಾಮೂಲಿ ಬ್ಯಾಟರಿ ತಾಳುವುದಿಲ್ಲ, ಅದಕ್ಕೇ ಬೇರೆ ತರಹದ್ದು ಹಾಕಿರುತ್ತಾರೆ. ಅಳತೆ ಒಂದೇ ಇರಬಹುದು, ಒಳಗಿನದು ಬೇರೆ. ಮತ್ತೆ, ನೆಗೆಟಿವ್ ಟರ್ಮಿನಲ್ ಮೇಲೆ ಬೆಂಕಿಪೊಟ್ಟಣದಷ್ಟು ಒಂದು ಡಬ್ಬಿ, ಅದರಿಂದ ತೆಳ್ಳಗಿನ ವೈರು ಹೋಗಿದೆಯಾ? ಅದು ಬ್ಯಾಟರಿಗೆ ಎಷ್ಟು ಕರೆಂಟ್ ಬಂತು, ಎಷ್ಟು ಹೋಯಿತು ಅಂತ ಲೆಕ್ಕ ಇಡುವ ಸೆನ್ಸರ್. ಚಾರ್ಜರ್ ಹಾಕುವಾಗ ಕಪ್ಪು ಕ್ಲಿಪ್ಪನ್ನು ನೇರ ಟರ್ಮಿನಲ್‌ಗೆ ಹಾಕಬೇಡಿ, ಬಾಡಿಯ ಅರ್ಥ್ ಪಾಯಿಂಟ್‌ಗೆ ಹಾಕಿ. ಇಲ್ಲದಿದ್ದರೆ ನೀವು ತುಂಬಿಸಿದ್ದು ಅದರ ಲೆಕ್ಕಕ್ಕೇ ಬರುವುದಿಲ್ಲ.

ಕೆಲವು ಕಂಪನಿಗಳ ಕಾರಿಗೆ, ಉದಾಹರಣೆಗೆ ಬಿಎಂಡಬ್ಲ್ಯೂಗೆ, ಹೊಸ ಬ್ಯಾಟರಿ ಅಂತ ಸ್ಕ್ಯಾನರ್‌ನಿಂದ ನಿಜವಾಗಿಯೂ ಹೇಳಬೇಕು. ಇಲ್ಲದಿದ್ದರೆ ಹೊಸದನ್ನೂ ಮುದಿ ಬ್ಯಾಟರಿ ಅಂತಲೇ ತಿಳಿದು ಚಾರ್ಜ್ ಮಾಡುತ್ತಿರುತ್ತದೆ. ಇನ್ನು ಎಷ್ಟೋ ಕಾರುಗಳು ಒಂದು ರಾತ್ರಿ ಲಾಕ್ ಮಾಡಿ ಬಿಟ್ಟರೆ ತಾವೇ ಅಳೆದುಕೊಳ್ಳುತ್ತವೆ.

ಫ್ಯುಯೆಲ್ ಟ್ರಿಮ್:

ಸ್ಪ್ಯಾನರ್ ಸೆಟ್ ಕೊಡಬೇಡಿ ಸರ್, ಅದರ ಪಕ್ಕ ಒಂದು ಸ್ಕ್ಯಾನರ್ ಇಟ್ಟುಕೊಳ್ಳಿ. ನಿಮ್ಮ ಸ್ಟೇರಿಂಗ್ ಕೆಳಗೆ 16 ಪಿನ್ನಿನ ಒಂದು ಸಾಕೆಟ್ ಇದೆ. ಅಮೆರಿಕದಲ್ಲಿ 1996ರ ಮಾಡೆಲ್‌ನಿಂದ ಕಡ್ಡಾಯ ಮಾಡಿದರು, ಆಮೇಲೆ ಬೇರೆ ದೇಶಗಳೂ ಅದೇ ಆಕಾರಕ್ಕೆ ಬಂದವು. ಹೊಗೆಯ ಮೇಲೆ ಕಣ್ಣಿಡೋಕೆ ಅಂತ ಮಾಡಿಸಿದ್ದು, ಲಾಭ ಆಗಿದ್ದು ನಮ್ಮಂಥವರಿಗೆ. ಬೆರಳುದ್ದದ ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿದರೆ ಇಂಜಿನ್ ಏನು ಯೋಚನೆ ಮಾಡುತ್ತಿದೆ ಅಂತ ಮೊಬೈಲ್‌ನಲ್ಲೇ ಕಾಣುತ್ತದೆ. ನಿಮ್ಮ ಹಳೇ ಕಾರು ಯಾವತ್ತಾದರೂ ಹೀಗೆ ಬಾಯಿ ಬಿಟ್ಟಿತ್ತಾ?

ನನ್ನದೇ ಒಂದು ಕಥೆ ಹೇಳುತ್ತೇನೆ. ಹೋದ ವರ್ಷ ಚೆಕ್ ಇಂಜಿನ್ ಲೈಟ್ ಬಂತು. ಕೋಡ್ ಪಿ0171, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಾಲುತ್ತಿಲ್ಲ ಅಂತ. ಒಂದು ಗ್ಯಾರೇಜಿನವರು ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿ ಎಷ್ಟು ಆಮ್ಲಜನಕ ಉಳಿದಿದೆ ಅಂತ ನೋಡುವುದು) ಹೋಗಿದೆ ಅಂತ ಬದಲಾಯಿಸಿದರು. ನಾಲ್ಕು ದಿನಕ್ಕೆ ಲೈಟ್ ವಾಪಸ್. ಆಗ ನಾನೇ ಅಡಾಪ್ಟರ್ ತರಿಸಿ ಫ್ಯುಯೆಲ್ ಟ್ರಿಮ್ ನೋಡಿದೆ. ಇಂಜಿನ್ ತನ್ನ ಲೆಕ್ಕಕ್ಕಿಂತ ಎಷ್ಟು ಶೇಕಡಾ ಜಾಸ್ತಿ ಅಥವಾ ಕಮ್ಮಿ ಪೆಟ್ರೋಲ್ ಹಾಕಬೇಕಾಗಿ ಬಂದಿದೆ ಅನ್ನುವ ಅಂಕಿ ಅದು. ಐಡ್ಲಿಂಗ್‌ನಲ್ಲಿ ಪ್ಲಸ್ 22. ಆಕ್ಸಿಲರೇಟರ್ ಒತ್ತಿ 2500 ಆರ್‌ಪಿಎಂಗೆ ತಂದು ಹಿಡಿದೆ, ಪ್ಲಸ್ 4ಕ್ಕೆ ಇಳಿಯಿತು. ಕಾಲು ತೆಗೆದೆ, ಮತ್ತೆ 22.

ಇಲ್ಲೇ ಇರೋದು ಮಜಾ. ಪೆಟ್ರೋಲ್ ಪಂಪ್ ಸೋತಿದ್ದರೆ ಒತ್ತಿದಷ್ಟೂ ಆ ಅಂಕಿ ಏರಬೇಕಿತ್ತು. ಇದು ಇಳಿಯುತ್ತಿದೆ ಅಂದರೆ ಅಳತೆಗೆ ಸಿಗದ ಗಾಳಿ ಎಲ್ಲಿಂದಲೋ ಕಳ್ಳತನದಲ್ಲಿ ಒಳಗೆ ಹೋಗುತ್ತಿದೆ. ಐಡ್ಲಿಂಗ್‌ನಲ್ಲಿ ಇಂಜಿನ್ ಎಳೆಯುವ ಗಾಳಿಯೇ ಕಮ್ಮಿ, ಹಾಗಾಗಿ ಆ ಕಳ್ಳ ಗಾಳಿಯ ಪಾಲು ದೊಡ್ಡದು. ಆರ್‌ಪಿಎಂ ಏರಿದ ಮೇಲೆ ಅದು ಲೆಕ್ಕಕ್ಕೇ ಇಲ್ಲ. ಪ್ಲಾಸ್ಟಿಕ್ ಮುಚ್ಚಳ ಎತ್ತಿದೆ (ನಾಲ್ಕು ರಬ್ಬರ್ ಗುಬ್ಬಿ ಸರ್, ಮೇಲಕ್ಕೆ ಎಳೆದರೆ ಪಟ್ ಅಂತ ಬರುತ್ತದೆ, ಹೆದರಬೇಡಿ). ರಬ್ಬರ್ ಪೈಪುಗಳನ್ನು ಒಂದೊಂದಾಗಿ ಬೆರಳಿನಲ್ಲಿ ತಡವುತ್ತಾ ಹೋದೆ. ಬ್ರೀದರ್ ಪೈಪು ಮೇಲಿಂದ ಹೊಸದರ ಹಾಗೇ ಇತ್ತು. ಕೆಳಗೆ, ಕ್ಲಿಪ್ಪಿನ ಹತ್ತಿರ, ಉಗುರು ಸಿಕ್ಕಿಕೊಳ್ಳುವಷ್ಟು ಬಿರುಕು. ಆ ಬಿರುಕನ್ನು ಬೆರಳಿನಿಂದ ಮುಚ್ಚಿ ಹಿಡಿದೆ, ಇಂಜಿನ್ ಸದ್ದೇ ಬದಲಾಯಿತು. ಮೊಬೈಲ್‌ನಲ್ಲಿ ಅಂಕಿ ಇಳಿಯೋಕೆ ಶುರು. ಗೇಣುದ್ದದ ಪೈಪು ಬದಲಾಯಿಸಿದ್ದು ಒಂದು ಸ್ಕ್ರೂ ಡ್ರೈವರ್‌ನಲ್ಲಿ.

ಕೋಡ್ ಅಂದರೆ ದೂರು, ತೀರ್ಪಲ್ಲ. ಪಿ0171 ಬಂದರೆ ಆಕ್ಸಿಜನ್ ಸೆನ್ಸರ್ ಹೋಗಿದೆ ಅಂತಲ್ಲ. ದೂರು ಕೊಟ್ಟಿದ್ದೇ ಆ ಸೆನ್ಸರ್, ಪಾಪ. ಅದನ್ನೇ ಕಿತ್ತು ಬಿಸಾಕಿದ್ದರು.

ಲಿಫ್ಟ್ ಕೆಳಗಿನವ:

ನಾನು ಗ್ಯಾರೇಜಿನಲ್ಲೇ ಕೆಲಸ ಮಾಡುವವನು. ಮೇಲಿನವರು ಹೇಳಿದ್ದು ಸರಿ. ಆದರೆ ವಿಡಿಯೊ ನೋಡಿ ಕೈ ಹಾಕಿದ ಮೇಲೆ ನಮ್ಮ ಹತ್ತಿರ ತಂದು ಬಿಡುವವರ ಕಥೆಯೂ ಕೇಳಿ.

ಎಲೆಕ್ಟ್ರಿಕ್ ಪಾರ್ಕಿಂಗ್ ಬ್ರೇಕ್ ಇರುವ ಕಾರಿನ ಹಿಂದಿನ ಚಕ್ರದ ಬ್ರೇಕ್ ಪ್ಯಾಡ್. ಹಳೇ ಕಾರಿನಲ್ಲಿ ಮಾಡಿದ ಹಾಗೆ ಸಿ ಕ್ಲ್ಯಾಂಪ್ ಹಾಕಿ ಪಿಸ್ಟನ್ ಒಳಕ್ಕೆ ಒತ್ತುತ್ತಾರೆ. ಆ ಪಿಸ್ಟನ್ ಹಿಂದೆ ಒಂದು ಮೋಟಾರು, ಒಂದು ಸ್ಕ್ರೂ ಇದೆ. ಮೊದಲು ಸರ್ವೀಸ್ ಮೋಡ್‌ಗೆ ಹಾಕಿದರೆ ಮೋಟಾರು ಹಿಂದೆ ಸರಿಯುತ್ತದೆ, ಆಮೇಲೆ ಒತ್ತಬೇಕು. ಹಾಗೇ ಒತ್ತಿದರೆ ಮೋಟಾರಿನ ಗೇರು ಹೋಯಿತು ಅಂತಲೇ. ಪ್ಯಾಡ್ ಕೆಲಸಕ್ಕೆ ಬಂದವರು ಪ್ಯಾಡನ್ನು ಒತ್ತಿ ಹಿಡಿಯುವ ಕ್ಯಾಲಿಪರನ್ನೇ ಹೊಸದು ಹಾಕಿಸಿಕೊಂಡು ಹೋಗುತ್ತಾರೆ. ಮುಂದಿನ ಪ್ಯಾಡ್ ಆದರೆ ಈಗಲೂ ಮಾಮೂಲಿನದೇ, ಹಾಕಿಕೊಳ್ಳಿ. ಹಾಕಿದ ಮೇಲೆ ಗಾಡಿ ಕದಲಿಸುವ ಮುಂಚೆ ಪೆಡಲ್ ನಾಲ್ಕು ಸಲ ಒತ್ತಿ ಗಟ್ಟಿ ಮಾಡಿಕೊಳ್ಳಿ. ಇದನ್ನು ಮರೆತು ಗೋಡೆಗೆ ಕೊಟ್ಟವರನ್ನು ನೋಡಿದ್ದೇನೆ.

ಹಳದಿ ಕನೆಕ್ಟರ್ ಅಂದರೆ ಏರ್‌ಬ್ಯಾಗ್. ಕೈ ಹಚ್ಚಬೇಡಿ. ಮುಂದಿನ ಗಾಜಿನ ಹಿಂದೆ ಕ್ಯಾಮೆರಾ ಇದ್ದರೆ, ಗಾಜು ಬದಲಾಯಿಸಿದ ಮೇಲೆ ಕ್ಯಾಮೆರಾವನ್ನು ಮತ್ತೆ ಹೊಂದಿಸಬೇಕು, ಅದು ಮನೆ ಮುಂದೆ ಆಗುವ ಕೆಲಸ ಅಲ್ಲ. ಎಸಿ ಗ್ಯಾಸ್ ಕೂಡ ಬೇಡ.

ಆಯಿಲ್ ಬದಲಾಯಿಸುವವರಿಗೆ ಒಂದು ಮಾತು. 0ಡಬ್ಲ್ಯೂ-20 ಅಂತ ಬರೆದಿದ್ದರೆ ಅದನ್ನೇ ಹಾಕಿ, ದಪ್ಪ ಆಯಿಲ್ ಹಾಕಿದರೆ ಇಂಜಿನ್ ಗಟ್ಟಿ ಅನ್ನುವುದು ಹಳೇ ಕಾಲದ ಮಾತು. ಆಯಿಲ್ ಒತ್ತಡದ ಮೇಲೆಯೇ ವಾಲ್ವ್ ಟೈಮಿಂಗ್ ಬದಲಾಯಿಸುವ ಇಂಜಿನ್‌ಗಳಿವೆ ಈಗ. ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ, ಟಾರ್ಕ್ ರೆಂಚ್‌ನಲ್ಲಿ ಬಿಗಿ ಮಾಡಿ. ಸಂಪ್, ಅಂದರೆ ಇಂಜಿನ್ ತಳದಲ್ಲಿ ಆಯಿಲ್ ನಿಲ್ಲುವ ತಟ್ಟೆ, ಅಲ್ಯೂಮಿನಿಯಂ, ಕೆಲವಕ್ಕೆ ಪ್ಲಾಸ್ಟಿಕ್ಕೇ. ಬರೀ ಜ್ಯಾಕ್ ನಂಬಿ ಕಾರಿನ ಕೆಳಗೆ ಹೋಗಬೇಡಿ, ಸ್ಟ್ಯಾಂಡ್ ಇಡಿ.

ಗ್ರೀಸ್ ಕೈ:

ಅಣ್ಣ, ನೀವು ಹೇಳಿದ್ದೆಲ್ಲ ಒಪ್ಪಿದೆ. ಆದರೆ ಆ ಸರ್ವೀಸ್ ಮೋಡ್ ಎಷ್ಟೋ ಕಾರಿನಲ್ಲಿ ಪೆಡಲ್ ಒತ್ತಿ ಸ್ವಿಚ್ ಹಿಡಿದರೆ ಬರುತ್ತದೆ ಅಲ್ವಾ? ಅದನ್ನು ಪುಸ್ತಕದಲ್ಲಿ ಒಂದು ಸಾಲು ಬರೆಯೋಕೆ ಏನು ಕಷ್ಟ?

ಲಿಫ್ಟ್ ಕೆಳಗಿನವ:

ಕಷ್ಟ ಏನಿಲ್ಲ. ಬರೆಯುವುದಿಲ್ಲ, ಅಷ್ಟೇ. ನಮಗೂ ಸಿಗುವುದಿಲ್ಲ ತಮ್ಮಾ, ಕಂಪನಿ ವರ್ಕ್‌ಶಾಪ್ ಅಲ್ಲದ ಗ್ಯಾರೇಜುಗಳೂ ಇದೇ ಜಗಳ ಆಡುತ್ತಿರೋದು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 2012ರಲ್ಲಿ ಜನ ವೋಟು ಹಾಕಿ ರಿಪೇರಿ ಮಾಹಿತಿ ಹೊರಗಿನ ಗ್ಯಾರೇಜಿಗೂ ಕೊಡಬೇಕು ಅಂದರು. ಆಮೇಲೆ ಕಾರುಗಳು ಮಾಹಿತಿಯನ್ನು ಗಾಳಿಯಲ್ಲೇ ಕಂಪನಿಗೆ ಕಳಿಸೋಕೆ ಶುರು ಮಾಡಿದವು, 2020ರಲ್ಲಿ ಅದಕ್ಕೂ ಇನ್ನೊಂದು ಸಲ ವೋಟು ಹಾಕಿದರು. ಕೆಲವು ಹೊಸ ಕಾರುಗಳಲ್ಲಿ ಆ 16 ಪಿನ್ ಸಾಕೆಟ್ಟಿನ ಹಿಂದೆಯೇ ಬೀಗ ಇದೆ. ಕೋಡ್ ಓದಬಹುದು, ಲಾಗಿನ್ ಇಲ್ಲದೆ ಅಳಿಸೋಕೆ ಆಗುವುದಿಲ್ಲ. ಇದು ತಂತ್ರಜ್ಞಾನ ಜಾಸ್ತಿ ಆಗಿ ಕಷ್ಟ ಆಗಿದ್ದಲ್ಲ. ಬಾಗಿಲು ಇದೆ, ಕೀ ಅವರ ಜೇಬಿನಲ್ಲಿದೆ.

ಕಿತ್ತಳೆ ವೈರು:

ನನ್ನದು ಎಲೆಕ್ಟ್ರಿಕ್. ಆಯಿಲ್ ಇಲ್ಲ, ಪ್ಲಗ್ ಇಲ್ಲ, ನಾನು ಮಾಡೋಕೆ ಏನೂ ಇಲ್ಲ ಅಂದುಕೊಂಡಿದ್ದೆ. ಎರಡು ವರ್ಷದಲ್ಲಿ ಕ್ಯಾಬಿನ್ ಫಿಲ್ಟರ್ ಎರಡು ಸಲ, ವೈಪರ್ ರಬ್ಬರ್, ಟೈರ್ ಹಿಂದೆ ಮುಂದೆ ಬದಲಿಸುವುದು, 12 ವೋಲ್ಟ್ ಬ್ಯಾಟರಿ ಎಲ್ಲ ನಾನೇ. ಹೌದು, ಅಷ್ಟು ದೊಡ್ಡ ಬ್ಯಾಟರಿ ಇಟ್ಟುಕೊಂಡೂ ಚಿಕ್ಕ 12 ವೋಲ್ಟ್ ಸತ್ತರೆ ಬಾಗಿಲೂ ತೆಗೆಯುವುದಿಲ್ಲ! ಕಿತ್ತಳೆ ಬಣ್ಣದ ವೈರು ಕಂಡಲ್ಲಿ ಮಾತ್ರ ಕೈ ಹಿಂದಕ್ಕೆ. ಅದರಲ್ಲಿ 400 ವೋಲ್ಟ್ ಆಸುಪಾಸು ಇರುತ್ತದೆ, ಕೆಲವು ಕಾರಿನಲ್ಲಿ 800. ಕಾರು ಆಫ್ ಮಾಡಿದ್ದೇನೆ ಅನ್ನುವ ಧೈರ್ಯ ಅಲ್ಲಿ ನಡೆಯುವುದಿಲ್ಲ.

ಫ್ಯುಯೆಲ್ ಟ್ರಿಮ್:

ಒಂದು ಮರೆತಿದ್ದೆ. ಚೆಕ್ ಇಂಜಿನ್ ಲೈಟ್ ಸುಮ್ನೆ ಉರಿಯುತ್ತಿದ್ದರೆ ಮನೆಗೆ ಬಂದು ನಿಧಾನಕ್ಕೆ ನೋಡಬಹುದು. ಮಿಣುಕುತ್ತಿದ್ದರೆ ಮಿಸ್‌ಫೈರ್. ಸುಡದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟುಹಾಕುತ್ತದೆ. ಕಾಲು ತೆಗೆದು ಪಕ್ಕಕ್ಕೆ ನಿಲ್ಲಿಸಿ.

ಇನ್ನೊಂದು, ಗೇರ್ ಬಾಕ್ಸ್ ಆಯಿಲ್ ಜೀವನಪರ್ಯಂತ ಬದಲಾಯಿಸುವ ಹಾಗಿಲ್ಲ ಅಂತ ಯಾರಾದರೂ ಅಂದರೆ ಯಾರ ಜೀವನ ಅಂತ ಕೇಳಿ. ಆಟೊಮ್ಯಾಟಿಕ್ ಗೇರ್ ಬಾಕ್ಸ್ ಮಾಡುವ ಝಡ್‌ಎಫ್ ಕಂಪನಿಯೇ ತನ್ನ ಬಾಕ್ಸುಗಳಿಗೆ 80,000ದಿಂದ 1,20,000 ಕಿ.ಮೀ. ಒಳಗೆ ಬದಲಾಯಿಸಿ ಅನ್ನುತ್ತದೆ. ಆದರೆ ಇದನ್ನು ಮನೆಯಲ್ಲಿ ಮಾಡಬೇಡಿ. ಡಿಪ್‌ಸ್ಟಿಕ್ ಇರುವುದಿಲ್ಲ, ಆಯಿಲ್ ಇಂತಿಷ್ಟೇ ಬಿಸಿ ಇದ್ದಾಗ ಲೆವೆಲ್ ನೋಡಬೇಕು.

ಪಾಯಿಂಟ್‌ಸೆಟ್:

ಎಲ್ಲರಿಗೂ ಥ್ಯಾಂಕ್ಸ್. ಕಿಟಕಿ ಸರಿಹೋಯಿತು! ಆರು ಸೆಕೆಂಡ್ ಹಿಡಿದೆ, ಒಳಗೆ ಎಲ್ಲೋ ಟಿಕ್ ಅಂತು, ಅಷ್ಟೇ. ಇದಕ್ಕೆ ನಾನು ವಾರ ಪೂರ್ತಿ ಸ್ವಿಚ್ ಹಿಡಿದುಕೊಂಡು ಕೂತಿದ್ದೆ.

ಹಳೇ ಬ್ಯಾಟರಿ ಇನ್ನೂ ಡಿಕ್ಕಿಯಲ್ಲೇ ಇತ್ತು. ತಿರುಗಿಸಿ ನೋಡಿದೆ, ಸ್ಟಿಕರ್ ಮೇಲೆ ಇಎಫ್‌ಬಿ ಅಂತ ಇದೆ. ನಾನು ತಂದಿದ್ದು ಮಾಮೂಲಿನದು. ಅಂಗಡಿಯವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ನೆಗೆಟಿವ್ ಮೇಲೆ ಆ ಡಬ್ಬಿಯೂ ಇದೆ, ಬದಲಾಯಿಸುವಾಗ ಅದೇನು ಅಂತ ಗೊತ್ತಿಲ್ಲದೆ ಪಕ್ಕಕ್ಕೆ ತಳ್ಳಿದ್ದೆ. ಬ್ಯಾಟರಿ ವಾಪಸ್ ತಗೊಂಡು ಸರಿಯಾದದ್ದು ಕೊಡುತ್ತಾರಂತೆ, ಶನಿವಾರ ಹಾಕುತ್ತೇನೆ. ರಾತ್ರಿ ಲಾಕ್ ಮಾಡಿ ಬಿಟ್ಟು ಭಾನುವಾರ ನೋಡಿ ಇಲ್ಲೇ ಬರೆಯುತ್ತೇನೆ.

ಅಷ್ಟರಲ್ಲಿ ಕೈ ಸುಮ್ನಿರಲಿಲ್ಲ. ಡ್ಯಾಶ್‌ಬೋರ್ಡ್ ಡಬ್ಬಿ ಬಿಚ್ಚಿ ಕ್ಯಾಬಿನ್ ಫಿಲ್ಟರ್ ಎಳೆದೆ. ಒಣಗಿದ ಎಲೆ, ಹತ್ತಿಯಂಥ ಧೂಳು, ಒಂದು ಸತ್ತ ಜಿರಳೆ. ನಾಲ್ಕು ವರ್ಷದಿಂದ ಯಾರೂ ಮುಟ್ಟಿಲ್ಲ, ಸರ್ವೀಸ್ ಪುಸ್ತಕದಲ್ಲಿ ಮಾತ್ರ ಎರಡು ಸಲ ಬದಲಾಯಿಸಿದ್ದೇವೆ ಅಂತ ಟಿಕ್ ಹಾಕಿ ಸೀಲ್ ಒತ್ತಿದ್ದಾರೆ. ಹೊಸ ಫಿಲ್ಟರ್ ಮೇಲೆ ಒಂದು ಬಾಣದ ಗುರುತಿದೆ. ಅದು ಗಾಳಿ ಹೋಗುವ ದಿಕ್ಕೋ, ಇಲ್ಲ ಮೇಲಿನ ಭಾಗ ಅಂತಲೋ?

ಗ್ರೀಸ್ ಕೈ:

ಗಾಳಿ ಹೋಗುವ ದಿಕ್ಕು ಅಂತಿದ್ದರೆ ಬಾಣದ ಪಕ್ಕ ಸಾಮಾನ್ಯವಾಗಿ ಏರ್ ಫ್ಲೋ ಅಂತ ಬರೆದಿರುತ್ತದೆ. ಅಪ್ ಅಂತ ಇದ್ದರೆ ಮೇಲಿನ ಭಾಗ. ಬರೀ ಬಾಣ ಇದ್ದರೆ ಹಳೇ ಫಿಲ್ಟರ್ ನೋಡಿ. ಕೊಳೆ ಇರುವ ಮುಖ ಗಾಳಿ ಬರುವ ಕಡೆ, ಬಾಣದ ಬಾಲ ಆ ಕಡೆಗೆ ಬರಬೇಕು. ಆ ಜಿರಳೆ ಯಾವ ಮುಖದಲ್ಲಿತ್ತು?